ಮೊದಲು ಗುರುತು, ಆಮೇಲೆ ಕುಂಡ

ಬೆಂಗಳೂರು, ಪುಣೆ, ಹೈದರಾಬಾದುಗಳ ಬಹುಮಹಡಿ ಕಟ್ಟಡಗಳಲ್ಲಿ ನೆಲೆ ನಿಂತಿರುವ ನನ್ನ ಹಳೆಯ ವಿದ್ಯಾರ್ಥಿಗಳು ಈಚೆಗೆ ಕಳುಹಿಸುವ ಸಂದೇಶಗಳಲ್ಲಿ ಅರ್ಧಕ್ಕರ್ಧ ಗಿಡಗಳ ಚಿತ್ರಗಳೇ ಆಗಿರುತ್ತವೆ. ಊರಿಗೆ ಬಂದಾಗ ಕಾನಿನ ಅಂಚಿನಲ್ಲಿ ಕಂಡ ಯಾವುದೋ ಪೊದೆಯ ಚಿತ್ರ. ಅದರ ಕೆಳಗೆ ಎರಡು ಪ್ರಶ್ನೆ. "ಮೇಷ್ಟ್ರೇ, ಇದು ಯಾವ ಗಿಡ? ಮನೆಯೊಳಗೆ ಕುಂಡದಲ್ಲಿ ಬೆಳೆಯುತ್ತದೆಯೇ?" ಮೊದಲನೆಯ ಪ್ರಶ್ನೆಗೆ ಉತ್ತರ ತಲಪುವ ಮುಂಚೆಯೇ ಎರಡನೆಯದರ ಅವಸರ. ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಬರೆಯುವುದಕ್ಕಿಂತ, ಈ ವಿಷಯದಲ್ಲಿ ನನ್ನ ಅಭಿಪ್ರಾಯವೇನೆಂಬುದನ್ನು ಇಲ್ಲಿ ಒಟ್ಟಾಗಿ ಬರೆದಿಡುತ್ತಿದ್ದೇನೆ.

ನಮ್ಮ ಕಾಡಿನ ನೆರಳಿನಲ್ಲಿ ಬೆಳೆಯುವ ಗಿಡಗಳನ್ನು ಮನೆಯೊಳಗೆ ಬೆಳೆಸಬಹುದು. ಬೆಳೆಸಬೇಕು ಎಂದೂ ಹೇಳುತ್ತೇನೆ. ಆದರೆ ಒಂದು ಷರತ್ತಿದೆ. ಯಾವ ಗಿಡವನ್ನು ನೀವು ಕಾಡಿನಲ್ಲಿ ಹೂವಿಲ್ಲದ ಕಾಲದಲ್ಲಿಯೂ ಗುರುತಿಸಿ ಹೆಸರು ಹಿಡಿದು ಕರೆಯಬಲ್ಲಿರೋ ಆ ಗಿಡ ಮಾತ್ರ ನಿಮ್ಮ ಮನೆಗೆ ಬರಬೇಕು. ಹಾಗೆ ಬರುವುದೂ ಕಡ್ಡಿಯಾಗಿಯೋ ಬೀಜವಾಗಿಯೋ ಬರಬೇಕೇ ಹೊರತು ಬೇರುಸಹಿತ ಕಿತ್ತುಕೊಂಡಲ್ಲ. ಕಾಡಿನಿಂದ ಗಿಡ ಕಿತ್ತು ತರುವ ದೇಶಪ್ರೇಮಕ್ಕಿಂತ ನರ್ಸರಿಯಲ್ಲಿ ದುಡ್ಡು ಕೊಟ್ಟು ತಂದ ಮನಿಪ್ಲಾಂಟೇ ಎಷ್ಟೋ ಮೇಲು.

ಈಗ ನಮ್ಮ ಹಜಾರಗಳಲ್ಲಿ ಏನಿದೆ ನೋಡಿ. ಮನಿಪ್ಲಾಂಟ್ ಶಾಂತಸಾಗರದ ನಡುವಿನ ಮೋರಿಯಾ ಎಂಬ ಪುಟ್ಟ ದ್ವೀಪದ ಬಳ್ಳಿ. ಸ್ನೇಕ್ ಪ್ಲಾಂಟ್ ಪಶ್ಚಿಮ ಆಫ್ರಿಕದ್ದು, ಜೀಜೀ ಗಿಡ ಪೂರ್ವ ಆಫ್ರಿಕದ್ದು. ಸಿಂಗೋನಿಯಮ್, ಡೀಫನ್‌ಬೇಕಿಯಾಗಳು ಅಮೆರಿಕಾ ಖಂಡದ ಉಷ್ಣವಲಯದವು. ಎಲ್ಲಕ್ಕಿಂತ ತಮಾಷೆಯ ಸಂಗತಿ 'ಅರೆಕಾ ಪಾಮ್'ನದು. ಹತ್ತು ತಲೆಮಾರು ಅಡಿಕೆ ತೋಟದಲ್ಲಿ ಬದುಕಿದ ಮನೆಯ ಮಕ್ಕಳು ಪಟ್ಟಣದಲ್ಲಿ ಅಡಿಕೆಯ ಹೆಸರು ಹೊತ್ತ ಈ ಗಿಡವನ್ನು ಕೊಂಡು ತರುತ್ತಾರೆ. ಅದಾದರೋ ಅಡಿಕೆಯಲ್ಲ, ಮಡಗಾಸ್ಕರ್ ದ್ವೀಪದ ಬೇರೊಂದು ತಾಳೆ! ಇದನ್ನು ನಾನು ಪರದೇಶದ ದ್ವೇಷದಿಂದ ಹೇಳುತ್ತಿಲ್ಲ. ನಮ್ಮ ಅಡಿಕೆಯೇ ಮೂಲತಃ ಫಿಲಿಪ್ಪೀನ್ಸ್ ಕಡೆಯಿಂದ ಬಂದದ್ದೆಂದು ಬಲ್ಲವರು ಹೇಳುತ್ತಾರೆ. ಮೆಣಸಿನಕಾಯಿ, ಗೇರು, ಕಾಫಿ ಇವು ಯಾವುವೂ ಇಲ್ಲಿಯವಲ್ಲ. ಬಂದವರು ಬರಲಿ, ಒಗ್ಗಿದವರು ಇರಲಿ. ಮೋರಿಯಾ ದ್ವೀಪದ ಬಳ್ಳಿಯನ್ನು ನೂರು ಮಾರು ದೂರದಿಂದ ಗುರುತಿಸುವ ನಮ್ಮ ಮಕ್ಕಳಿಗೆ ತಮ್ಮದೇ ಬೇಲಿಯ ಪಾವಟೆ ಗೊತ್ತಿಲ್ಲವಲ್ಲ ಎಂಬುದಷ್ಟೇ ನನ್ನ ಸಂಕಟ.

ಆ ಸಂಕಟಕ್ಕೆ ಕಾರಣವಿದೆ. ಎರಡು ವರ್ಷಗಳ ಹಿಂದೆ ನನ್ನ ಬಂಧುಗಳೊಬ್ಬರು ಊರಿನ ಸೊಪ್ಪಿನಬೆಟ್ಟವನ್ನು 'ಸ್ವಚ್ಛ' ಮಾಡಿಸಿದರು. ಮರಗಳನ್ನು ಮುಟ್ಟಲಿಲ್ಲ, ಅವರು ಮರ ಕಡಿಸುವವರಲ್ಲ, ಒಳ್ಳೆಯವರೇ. ಮರಗಳ ಕೆಳಗಿದ್ದ 'ಬರೀ ಕುರುಚಲು' ಮಾತ್ರ ಯಂತ್ರದಿಂದ ಮೂರು ದಿನದಲ್ಲಿ ನೆಲಸಮವಾಯಿತು. ನಾನು ಹೋಗಿ ನೋಡಿದಾಗ ಬಿದ್ದಿದ್ದ ಆ ಕುರುಚಲಿನಲ್ಲಿ ಪಾವಟೆಯಿತ್ತು, ಕಾಡು ಕರಿಬೇವಿತ್ತು, ಬೆಳ್ಳಟ್ಟೆಯಿತ್ತು, ಗುರಿಗೆಯಿತ್ತು. ಇವುಗಳ ಮರೆಯಲ್ಲಿ ಮೊಳೆತು ಮೊಣಕಾಲೆತ್ತರ ಬಂದಿದ್ದ ಮರಗಳ ಸಸಿಗಳೂ ಇದ್ದವು. ಕೆಳಗಿನ ಪೊದೆ ಹೋದರೆ ಬೇಸಗೆಯ ಬಿಸಿಲು ನೇರವಾಗಿ ನೆಲಕ್ಕೆ ಬಡಿದು ದರಕು ಒಣಗುತ್ತದೆ, ಮಳೆಯ ಹನಿ ನೇರವಾಗಿ ಮಣ್ಣಿಗೆ ಬಡಿದು ಕೊಚ್ಚುತ್ತದೆ, ನಾಳಿನ ಮರಗಳಿಗೆ ತೊಟ್ಟಿಲೇ ಇಲ್ಲವಾಗುತ್ತದೆ. ಹಾಗೆ ತೆರೆದ ಜಾಗಕ್ಕೆ ಮೊದಲು ಬಂದು ಕೂರುವುದು ಲಂಟಾನ, ಇಲ್ಲವೇ ನಮ್ಮ ಕರಾವಳಿಯವರು 'ಕಮ್ಯುನಿಸ್ಟ್ ಗಿಡ' ಎಂದು ಕರೆಯುವ ಆ ಇನ್ನೊಂದು ಕಳೆ. ಇದೇ ಬಂಧುಗಳ ಮಗಳು ಪಟ್ಟಣದ ಮನೆಗೆ 'ನೇಟಿವ್ ಪ್ಲಾಂಟ್ಸ್' ಬೇಕೆಂದು ಕಳೆದ ತಿಂಗಳು ನನ್ನನ್ನು ಕೇಳಿದಳು. ಅವಳ ತಂದೆಗೆ ಆ ಗಿಡಗಳಲ್ಲಿ ನಾಲ್ಕರ ಹೆಸರಾದರೂ ಗೊತ್ತಿದ್ದರೆ ಯಂತ್ರದವನಿಗೆ "ಇಲ್ಲಿಂದಾಚೆ ಬೇಡ" ಎಂದು ಹೇಳುತ್ತಿದ್ದರು ಎಂಬುದರಲ್ಲಿ ನನಗೆ ಸಂಶಯವಿಲ್ಲ. ಹೆಸರಿಲ್ಲದ ಗಿಡವೆಲ್ಲ ಕುರುಚಲೇ.

ಅಲಂಕಾರಕ್ಕೆಂದು ತಂದದ್ದು ಅಂಗಳ ದಾಟಿದರೆ ಏನಾಗುತ್ತದೆ ಎಂಬುದಕ್ಕೆ ಲಂಟಾನವೇ ಸಾಕ್ಷಿ. 19ನೇ ಶತಮಾನದ ಆರಂಭದಲ್ಲಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಚಂದದ ಹೂವಿನ ಗಿಡವೆಂದು ಅದನ್ನು ತರಿಸಿದರು. 2020ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ ಭಾರತದಲ್ಲಿ ಹುಲಿಗಳಿರುವ ಕಾಡುಗಳ ಪೈಕಿ ಸುಮಾರು 1,54,000 ಚದರ ಕಿಲೋಮೀಟರ್, ಅಂದರೆ ಶೇಕಡ 40ಕ್ಕೂ ಹೆಚ್ಚು ಭಾಗವನ್ನು ಅದು ಆವರಿಸಿದೆ. ಕುಂಡದ ಸಿಂಗೋನಿಯಮ್ ಬೇಸರವಾದಾಗ ಹಿತ್ತಿಲ ಹಳ್ಳಕ್ಕೆ ಎಸೆಯುವವರು ಇದನ್ನು ನೆನೆಯಬೇಕು.

ಇನ್ನೊಂದು ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. ಮನೆಯೊಳಗಿನ ಗಿಡ ಗಾಳಿಯನ್ನು ಶುದ್ಧೀಕರಿಸುತ್ತದೆಂಬ ಪ್ರಚಾರವನ್ನು ನಂಬಿ ಗಿಡ ಕೊಳ್ಳಬೇಡಿ. 1989ರಲ್ಲಿ ನಾಸಾ ಸಂಸ್ಥೆಯವರು ಮುಚ್ಚಿದ ಪೆಟ್ಟಿಗೆಯಂಥ ಕೋಣೆಗಳಲ್ಲಿ ನಡೆಸಿದ ಪ್ರಯೋಗ ಆ ಪ್ರಚಾರಕ್ಕೆ ಮೂಲ. ನಮ್ಮ ಮನೆಗಳು ಮುಚ್ಚಿದ ಪೆಟ್ಟಿಗೆಗಳಲ್ಲ. 2019ರಲ್ಲಿ ಇಬ್ಬರು ವಿಜ್ಞಾನಿಗಳು ಇಂಥ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ ಲೆಕ್ಕ ಹಾಕಿದಾಗ, ಕಟ್ಟಡದೊಳಗೆ ಸಹಜವಾಗಿ ಆಡುವ ಗಾಳಿ ಮಾಡುವಷ್ಟು ಕೆಲಸವನ್ನು ಗಿಡಗಳಿಂದ ಮಾಡಿಸಲು ಪ್ರತಿ ಚದರ ಮೀಟರ್ ನೆಲಕ್ಕೆ 10ರಿಂದ 1000 ಗಿಡಗಳು ಬೇಕೆಂದು ತಿಳಿದುಬಂತು. ಅಷ್ಟು ಗಿಡ ಇಟ್ಟರೆ ನಾವು ಹೊರಗೆ ಮಲಗಬೇಕಾದೀತು. ಕಿಟಕಿ ತೆರೆಯಿರಿ, ಸಾಕು. ಗಿಡವನ್ನು ಗಿಡವೆಂಬ ಪ್ರೀತಿಗೆ ಸಾಕಿರಿ.

ಈಗ ಗುರುತಿಸುವ ವಿಷಯ. ಶಾಲೆಯಲ್ಲಿ ನಿಮಗೆಲ್ಲ ಹೂವಿನ ದಳ, ಕೇಸರ ಎಣಿಸುವುದನ್ನು ಕಲಿಸಿದ್ದು ಪಠ್ಯಕ್ಕಾಗಿ. ಆದರೆ ನೆರಳಿನ ಪೊದೆಗಳು ವರ್ಷದ ಬಹುಭಾಗ ಹೂವಿಲ್ಲದೆ ಬರಿಯ ಹಸುರಾಗಿ ನಿಂತಿರುತ್ತವೆ. ಎಲ್ಲವೂ ಒಂದೇ ತರಹ ಕಾಣುತ್ತವೆ. ಎಲೆಯ ಆಕಾರವನ್ನಂತೂ ನಂಬಲೇಬಾರದು. ಒಂದೇ ಜಾತಿಯ ಗಿಡ ಬಿಸಿಲಿನಲ್ಲಿ ಚಿಕ್ಕ ದಪ್ಪ ಎಲೆಯನ್ನೂ ದಟ್ಟ ನೆರಳಿನಲ್ಲಿ ಅಗಲವಾದ ತೆಳ್ಳನೆಯ ಎಲೆಯನ್ನೂ ಬಿಡುತ್ತದೆ. ಹಾಗಾಗಿ ಎಲೆಗಿಂತ ಎಲೆ ಹುಟ್ಟುವ ಜಾಗವನ್ನು, ಅಂದರೆ ಗಿಣ್ಣನ್ನು, ನೋಡುವ ಅಭ್ಯಾಸ ಮಾಡಿಕೊಳ್ಳಬೇಕು.

ಕಾಫಿ ಗಿಡದಿಂದ ಆರಂಭಿಸೋಣ. ಮಲೆನಾಡಿನವರಿಗೆ ಅದು ಕೈಗೆಟುಕುವ ಪಾಠಪುಸ್ತಕ, ಮೇಲಾಗಿ ಅದೂ ನೆರಳಿನ ಪೊದೆಯೇ. ಎಲೆಗಳು ಎದುರುಬದುರಾಗಿ ಜೋಡಿಜೋಡಿಯಾಗಿ ಹುಟ್ಟಿರುತ್ತವೆ. ಆ ಎರಡು ತೊಟ್ಟುಗಳ ನಡುವೆ ಕಾಂಡದ ಮೇಲೆ ಪುಟ್ಟ ತ್ರಿಕೋನದಂಥ ಒಂದು ಹುರುಪೆ ಅಂಟಿಕೊಂಡಿರುತ್ತದೆ. ಉಗುರಿನಿಂದ ಮುಟ್ಟಿ ನೋಡಿ. ಎದುರುಬದುರು ಅಂಚು ನಯವಾದ ಎಲೆ, ನಡುವೆ ಈ ತ್ರಿಕೋನ, ಎರಡೂ ಇದ್ದರೆ ಅದು ಬಹುತೇಕ ಕಾಫಿಯ ಬಳಗದ್ದೇ. ನಮ್ಮ ಕಾಡಿನ ಕೆಳಹಂತದಲ್ಲಿ ಈ ಬಳಗದ ಪೊದೆಗಳು ಹೇರಳ. ಎಳೆಯರು ಹಣ್ಣು ತಿನ್ನುವ, ಕೆಂಪು ಹೂಗೊಂಚಲಿನ ಕೇಪಳ ಇದರಲ್ಲೊಂದು; ಅದರ ಎಲೆಗೆ ತೊಟ್ಟೇ ಇಲ್ಲವೆನ್ನುವಷ್ಟು ಗಿಡ್ಡ ತೊಟ್ಟು, ಬುಡ ಕಾಂಡವನ್ನು ತಬ್ಬಿದಂತೆ ಇರುತ್ತದೆ. ಬೆಳ್ಳಟ್ಟೆ ಇನ್ನೊಂದು. ಸಣ್ಣ ಕಿತ್ತಳೆ ಬಣ್ಣದ ಹೂವಿನ ಪಕ್ಕದಲ್ಲಿ ಕಾಗದ ಕತ್ತರಿಸಿ ಅಂಟಿಸಿದಂಥ ಬಿಳಿಯ 'ಎಲೆ' ಇರುವುದಲ್ಲ, ಅದು ಎಲೆಯೂ ಅಲ್ಲ, ದಳವೂ ಅಲ್ಲ. ಹೂವಿನ ಹೊರಕವಚದ ಒಂದು ಎಸಳು ಮಾತ್ರ ಹಾಗೆ ಬೆಳೆದು ಬಿಳಿಚಿಕೊಂಡಿರುತ್ತದೆ. ತಲೆಗೆ ಹಾಕುವ ಲೋಳೆಗೆ ಇದರ ಸೊಪ್ಪನ್ನು ಕಿವುಚುತ್ತಿದ್ದ ಅಜ್ಜಿಯರು ನಿಮ್ಮಲ್ಲಿ ಹಲವರ ಮನೆಗಳಲ್ಲಿದ್ದರು.

ಮೂರನೆಯದು ಪಾವಟೆ. ಇದರ ಮೇಲೆ ನನಗೆ ವಿಶೇಷ ಪಕ್ಷಪಾತವಿದೆ. ಬಿಳಿಯ ಹೂವು, ಹೂವಿನಿಂದ ಹೊರಗೆ ಬಹುದೂರ ಚಾಚಿದ ಸೂಜಿಯಂಥ ಎಳೆ, ಕರಿಯ ಸಣ್ಣ ಹಣ್ಣು. ಹೂವಿಲ್ಲದಾಗ ಒಂದು ಎಲೆಯನ್ನು ಬೆಳಕಿಗೆ ಎದುರಾಗಿ ಹಿಡಿದು ನೋಡಿ: ಅಲ್ಲಲ್ಲಿ ಕಪ್ಪು ಚುಕ್ಕೆಗಳು ಕಾಣುತ್ತವೆ. ರೋಗವಲ್ಲ; ಎಲೆಯೊಳಗೆ ಬ್ಯಾಕ್ಟೀರಿಯಾಗಳು ಮನೆ ಮಾಡಿಕೊಂಡ ಗಂಟುಗಳವು. ಗಿಡವೂ ಅವೂ ಕೂಡಿ ಬಾಳುತ್ತವೆ. ಸಸ್ಯಶಾಸ್ತ್ರದಲ್ಲಿ ಈ ಗಿಡದ ಹೆಸರೇ 'ಪವೆಟ್ಟಾ'. ಡಚ್ಚರ ವಾನ್ ರೀಡ್ ಎಂಬ ಅಧಿಕಾರಿ 1678ರಿಂದ 1693ರವರೆಗೆ ಆಮ್‌ಸ್ಟರ್‌ಡಾಮಿನಲ್ಲಿ ಹನ್ನೆರಡು ಸಂಪುಟಗಳಲ್ಲಿ ಪ್ರಕಟಿಸಿದ 'ಹೋರ್ತುಸ್ ಮಲಬಾರಿಕುಸ್' ಗ್ರಂಥದಲ್ಲಿ ಮಲಬಾರಿನ ವೈದ್ಯರು ಹೇಳಿದ ದೇಸಿ ಹೆಸರುಗಳನ್ನೇ ಬರೆದಿಟ್ಟ. ಮುಂದೆ ಲಿನೇಯಸ್ ಅವುಗಳಲ್ಲಿ ಹಲವನ್ನು ಎತ್ತಿಕೊಂಡ. ಇಟ್ಟಿ ಅಚ್ಯುತನ್ ಎಂಬ ಈಳವ ವೈದ್ಯರು ಆ ಗ್ರಂಥಕ್ಕೆ ಹೇಳಿಕೊಟ್ಟವರಲ್ಲಿ ಪ್ರಮುಖರು. ನಮ್ಮ ಪಕ್ಕದ ನಾಡಿನ ಹಳ್ಳಿಯ ಬಾಯಿಮಾತು ಇಂದು ಜಗತ್ತಿನ ಎಲ್ಲ ಸಸ್ಯಾಗಾರಗಳ ಚೀಟಿಗಳಲ್ಲಿದೆ; ಅದೇ ಗಿಡ ನಮ್ಮ ಬೆಟ್ಟದಲ್ಲಿ ಕುರುಚಲು!

ಬೆಳಕಿಗೆ ಹಿಡಿದಾಗ ಕಪ್ಪು ಚುಕ್ಕೆಯ ಬದಲು ಸೂಜಿಮೊನೆಯಷ್ಟು ಪಾರದರ್ಶಕ ಚುಕ್ಕೆಗಳು ತುಂಬಿದ್ದರೆ ಅದು ನಿಂಬೆ, ಕಿತ್ತಳೆಗಳ ಬಳಗ. ಆ ಚುಕ್ಕೆಗಳು ಎಣ್ಣೆಯ ಚೀಲಗಳು. ಎಲೆಯನ್ನು ಹಿಸುಕಿದರೆ ಪರಿಮಳವೇ ಸಾಕ್ಷಿ ಹೇಳುತ್ತದೆ. ಕಾಡು ಕರಿಬೇವನ್ನು ಹೀಗೆ ಹಿಡಿಯಬಹುದು. ಅದರದು ಒಂದು ಕಡ್ಡಿಯ ಮೇಲೆ ಹಲವು ಎಸಳುಗಳಿರುವ ಸಂಯುಕ್ತ ಎಲೆ. ಇಲ್ಲಿ ಒಂದು ಸೂಕ್ಷ್ಮವಿದೆ. ಚಕ್ರಮುನಿಯ ಗಿಡವೂ ಮೊದಲ ನೋಟಕ್ಕೆ ಸಂಯುಕ್ತ ಎಲೆಯದೆಂದೇ ಕಾಣುತ್ತದೆ, ಆದರೆ ಅಲ್ಲ. ಪ್ರತಿಯೊಂದು ಎಲೆಯ ಬುಡದಲ್ಲೂ ಮೊಗ್ಗೋ ಹೂವೋ ಜೋತಾಡುವುದನ್ನು ಕಾಣುವಿರಿ. ಮೊಗ್ಗು ಹುಟ್ಟುವುದು ನಿಜವಾದ ಎಲೆಯ ಕಂಕುಳಲ್ಲಿ ಮಾತ್ರ, ಎಲೆಯ ತುಂಡಿನ ಬುಡದಲ್ಲಿ ಎಂದೂ ಹುಟ್ಟದು. ಕರಿಬೇವಿನ ಕಡ್ಡಿಯನ್ನೂ ಚಕ್ರಮುನಿಯ ಕಡ್ಡಿಯನ್ನೂ ಅಕ್ಕಪಕ್ಕ ಇಟ್ಟು ಮೊಮ್ಮಕ್ಕಳಿಗೆ ತೋರಿಸಿ. ಹತ್ತು ನಿಮಿಷದ ಪಾಠ, ಜೀವಮಾನ ಮರೆಯುವುದಿಲ್ಲ.

ಗಿಣ್ಣು ಮೊಣಕೈಯಂತೆ ಊದಿಕೊಂಡಿದ್ದು, ಎಲೆಗಳು ಎದುರುಬದುರಾಗಿದ್ದು, ನಡುವೆ ಆ ತ್ರಿಕೋನ ಇಲ್ಲವಾದರೆ ಕನಕಾಂಬರ, ಆಡುಸೋಗೆಗಳ ಬಳಗವನ್ನು ನೆನೆಯಿರಿ. ಒಣಗಿದ ಕನಕಾಂಬರದ ಕಾಯಿಯನ್ನು ನೀರಿಗೆ ಹಾಕಿ ಚಟ್ಟನೆ ಸಿಡಿಸುವ ಆಟ ಆಡದ ಮಕ್ಕಳು ನನ್ನ ಕಾಲದಲ್ಲಿ ಇರಲಿಲ್ಲ. ನಮ್ಮ ಕಾನಿನ ಗುರಿಗೆ ಈ ಬಳಗದ್ದು. ಅದರಲ್ಲಿ ಹಲವು ಜಾತಿಗಳು ವರ್ಷಗಟ್ಟಲೆ ಸುಮ್ಮನಿದ್ದು ಒಂದೇ ಬಾರಿ ಎಲ್ಲವೂ ಹೂಬಿಟ್ಟು, ಬೀಜ ಚೆಲ್ಲಿ ಸಾಯುತ್ತವೆ. ಮುನ್ನಾರಿನ ನೀಲಕುರಿಂಜಿ 2006ರಲ್ಲಿ ಅರಳಿತು, ಮತ್ತೆ 2018ರಲ್ಲಿ. ಗುರಿಗೆ ಅರಳಿದ ವರ್ಷ ಜೇನು ಹೆಚ್ಚು ಎಂಬುದು ಜೇನು ಬಲ್ಲವರ ಅನುಭವ. ಅರಳದ ವರ್ಷದಲ್ಲಿ ಅದನ್ನು ಕಳೆಯೆಂದು ಸವರಿದರೆ ಅರಳುವ ವರ್ಷ ಬರುವುದೇ ಇಲ್ಲ.

ಒಂದು ಎಚ್ಚರಿಕೆ. ಮುಟ್ಟುವ ಮೊದಲು ಹೊಲಗೇರನ್ನು ಗುರುತಿಸಲು ಕಲಿಯಿರಿ. ಅದು ದೊಡ್ಡ ಮರವಾಗುವ ಜಾತಿ. ಆದರೆ ಅದರ ಎಳೆಯ ಗಿಡ ನೆರಳಿನಲ್ಲಿ ಚಂದದ ಪೊದೆಯಂತೆ ನಿಂತು ಮೋಸಗೊಳಿಸುತ್ತದೆ. ಅದರ ಸೊನೆ ತಗುಲಿದ ಚರ್ಮ ಕಪ್ಪಾಗಿ ಬೊಬ್ಬೆ ಏಳುತ್ತದೆ. ಎಲೆಯ ತೊಟ್ಟಿನ ಮೇಲೆ ಎರಡು ಸಣ್ಣ ಮುಳ್ಳಿನಂಥ ಚಾಚುಗಳಿವೆಯೇ ಎಂದು ದೂರದಿಂದಲೇ ನೋಡಿ. ಗೊತ್ತಿಲ್ಲದ ಗಿಡದ ಎಲೆಯನ್ನು ನಾಲಗೆಗೆ ತಾಗಿಸುವ ಸಾಹಸವನ್ನಂತೂ ಯಾರೂ ಮಾಡಬೇಡಿ.

"ಇಷ್ಟೆಲ್ಲ ಏಕೆ ಮೇಷ್ಟ್ರೇ, ಫೋನೇ ಹೇಳುತ್ತದಲ್ಲ" ಎನ್ನುವಿರಿ. ಹೇಳುತ್ತದೆ, ನಾನೂ ಬಳಸುತ್ತೇನೆ. ಹೂವಿದ್ದರೆ, ಸಾಮಾನ್ಯ ಗಿಡವಾದರೆ, ಉತ್ತರ ಬಹುಪಾಲು ಸರಿಯಿರುತ್ತದೆ. ಆದರೆ ಹೂವಿಲ್ಲದ ನೆರಳಿನ ಪೊದೆಯ ಒಂದು ಎಲೆಯ ಚಿತ್ರ ಹಿಡಿದರೆ ಅದು ಆತ್ಮವಿಶ್ವಾಸದಿಂದ ಯಾವುದೋ ದೇಶದ ತೋಟದ ಗಿಡದ ಹೆಸರು ಹೇಳಿದ್ದೂ ಉಂಟು. ಗಿಣ್ಣಿನದೊಂದು, ಎಲೆಯ ಹಿಂಬದಿಯದೊಂದು, ಇಡೀ ಗಿಡದ್ದೊಂದು ಹೀಗೆ ಮೂರು ಚಿತ್ರ ತೆಗೆಯಿರಿ. ಫೋನು ಹೇಳಿದ ಹೆಸರನ್ನು ಊರಿನ ಹಿರಿಯರ ಬಾಯಲ್ಲಿರುವ ಹೆಸರಿನೊಡನೆ ಹೋಲಿಸಿ. ಫೋನಿಗೆ ಲ್ಯಾಟಿನ್ ಹೆಸರು ಗೊತ್ತು, ಗಿಡ ಯಾವ ತಂಬುಳಿಗೆ ಆಗುತ್ತದೆಂಬುದು ಅತ್ತೆಗೋ ದೊಡ್ಡಮ್ಮನಿಗೋ ಗೊತ್ತು. ಅತ್ತೆ, ದೊಡ್ಡಮ್ಮಂದಿರಿಗೆ ಈಗ ಎಂಬತ್ತು ದಾಟಿದೆ ಎಂಬುದನ್ನು ಮರೆಯಬೇಡಿ. ಓದುವ ಆಸಕ್ತಿಯುಳ್ಳವರು ಬಿ.ಜಿ.ಎಲ್. ಸ್ವಾಮಿಯವರ 'ಹಸುರು ಹೊನ್ನು' ಪುಸ್ತಕವನ್ನು ಹುಡುಕಿ ಓದಿ. ಮೇಷ್ಟರೊಬ್ಬರು ವಿದ್ಯಾರ್ಥಿಗಳೊಡನೆ ಕಾಡು ಸುತ್ತುತ್ತ ಗಿಡ ಗುರುತಿಸುವುದನ್ನು ಕಲಿಸುವ ಆ ಪುಸ್ತಕಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತ್ತು.

ಇಷ್ಟು ಗುರುತು ಸಿಕ್ಕ ಮೇಲೆ ಮನೆಗೆ ತರುವ ಮಾತು. ಸರ್ಪಗಂಧದ ಕತೆ ಕೇಳಿ. ಗಿಣ್ಣೊಂದಕ್ಕೆ ಮೂರು ನಾಲ್ಕು ಎಲೆ, ಕೆಂಪು ತೊಟ್ಟಿನ ಬಿಳಿ ಹೂಗೊಂಚಲು, ಮೊಣಕಾಲೆತ್ತರದ ನೆರಳಿನ ಗಿಡ. 1949ರಲ್ಲಿ ಮುಂಬಯಿಯ ವೈದ್ಯ ರುಸ್ತುಮ್ ಜಾಲ್ ವಕೀಲರು ರಕ್ತದ ಒತ್ತಡಕ್ಕೆ ಇದರ ಬೇರು ಒಳ್ಳೆಯದೆಂದು ಬ್ರಿಟಿಷ್ ವೈದ್ಯಪತ್ರಿಕೆಯಲ್ಲಿ ಬರೆದರು. 1952ರಲ್ಲಿ ಅದರಿಂದ ರೆಸರ್ಪಿನ್ ಎಂಬ ರಾಸಾಯನಿಕವನ್ನು ಬೇರ್ಪಡಿಸಿದರು. ಅಲ್ಲಿಂದ ಮುಂದೆ ಕಾಡುಗಳಿಂದ ಬೇರು ಅಗೆಯುವ ಕೆಲಸ ಎಷ್ಟರ ಮಟ್ಟಿಗೆ ನಡೆಯಿತೆಂದರೆ ಕೊನೆಗೆ ಅಂತರರಾಷ್ಟ್ರೀಯ ವ್ಯಾಪಾರದ ಒಪ್ಪಂದದಲ್ಲಿ ಅದನ್ನು ನಿಯಂತ್ರಿತ ಸಸ್ಯಗಳ ಪಟ್ಟಿಗೆ ಸೇರಿಸಬೇಕಾಯಿತು. ಬೇರು ಕಿತ್ತರೆ ಗಿಡ ಉಳಿಯುವುದಿಲ್ಲ. ಔಷಧಕ್ಕೆ ಕಿತ್ತರೂ ಅಷ್ಟೆ, ಹಜಾರದ ಅಂದಕ್ಕೆ ಕಿತ್ತರೂ ಅಷ್ಟೆ. ಕಾಡಿನಿಂದ ಕಿತ್ತ ಬೆಳೆದ ಗಿಡ ಕುಂಡದಲ್ಲಿ ಬದುಕುವುದೂ ಅಪರೂಪ. ಸೂಕ್ಷ್ಮ ಬೇರುಗಳೂ ಅವುಗಳ ಜತೆಗಿರುವ ಶಿಲೀಂಧ್ರಗಳೂ ಅಲ್ಲೇ ಉಳಿದುಬಿಡುತ್ತವೆ. ಕಾನೂನಿನ ಮಾತೂ ಇದೆ: ಅಭಯಾರಣ್ಯಗಳಲ್ಲಿ 1972ರ ವನ್ಯಜೀವಿ ಕಾಯ್ದೆ, ಮೀಸಲು ಅರಣ್ಯಗಳಲ್ಲಿ 1963ರ ಕರ್ನಾಟಕ ಅರಣ್ಯ ಕಾಯ್ದೆ ಅನುಮತಿಯಿಲ್ಲದೆ ಗಿಡ ಕೀಳುವುದನ್ನು ತಡೆಯುತ್ತವೆ. ನಿಮ್ಮದೇ ಬೇಲಿ, ನಿಮ್ಮದೇ ಹಿತ್ತಿಲು, ನೆಂಟರ ತೋಟ ಇವುಗಳಿಂದ ಒಂದು ಕಡ್ಡಿ, ನಾಲ್ಕು ಬೀಜ. ಅದರಾಚೆ ಬೇಡ.

ನೆರಳೆಂದರೆ ಕತ್ತಲೆಯಲ್ಲ ಎಂಬುದನ್ನೂ ತಿಳಿಯಬೇಕು. ನಡುಹಗಲ ಬಯಲಿನ ಬೆಳಕು ಸುಮಾರು ಒಂದು ಲಕ್ಷ ಲಕ್ಸ್ ಎಂದಿಟ್ಟುಕೊಂಡರೆ ದಟ್ಟ ಕಾನಿನ ನೆಲಕ್ಕೆ ಇಳಿಯುವುದು ಅದರ ನೂರಕ್ಕೆ ಒಂದೆರಡು ಪಾಲು, ಅಂದರೆ ಒಂದೆರಡು ಸಾವಿರ. ಇದು ಬಹಳ ಕಡಿಮೆ ಎನಿಸುತ್ತದೆ. ಆದರೆ ನಮ್ಮ ಮನೆಗಳ ಹಜಾರದ ನಡುವೆ ಹಗಲಿನಲ್ಲಿ ಇರುವುದು ಒಂದು ಇನ್ನೂರು ಲಕ್ಸ್ ಮಾತ್ರ! ನಮ್ಮ ಕಣ್ಣು ಕತ್ತಲಿಗೆ ಹೊಂದಿಕೊಳ್ಳುವುದರಿಂದ ನಮಗೆ ತಿಳಿಯುವುದಿಲ್ಲ, ಗಿಡಕ್ಕೆ ತಿಳಿಯುತ್ತದೆ. ಅಲ್ಲದೆ ಕಾನಿನೊಳಗೆ ಆಗಾಗ ಎಲೆಗಳ ಸಂದಿನಿಂದ ಬಿಸಿಲುಕೋಲು ಇಳಿದು ಹೋಗುತ್ತದೆ. ನೆರಳಿನ ಗಿಡಗಳು ದಿನದ ಊಟದ ದೊಡ್ಡ ಪಾಲನ್ನು ಆ ಕೆಲವೇ ನಿಮಿಷಗಳಲ್ಲಿ ಸಂಪಾದಿಸುತ್ತವೆ. ಆದ್ದರಿಂದ ಗಿಡ ಕಿಟಕಿಯಿಂದ ಎರಡು ಮೂರು ಅಡಿಯೊಳಗೇ ಇರಬೇಕು. ಬಿಳಿಯ ಹಾಳೆಯ ಮೇಲೆ ಒಂದು ಗೇಣು ಎತ್ತರದಲ್ಲಿ ಅಂಗೈ ಹಿಡಿಯಿರಿ: ನೆರಳು ಮಸುಕಾಗಿಯಾದರೂ ಬಿದ್ದರೆ ಗಿಡ ಬದುಕೀತು, ಬೀಳದಿದ್ದರೆ ಆ ಮೂಲೆಗೆ ಗಣಪತಿಯ ಮೂರ್ತಿಯೇ ಸೂಕ್ತ.

ಯಾವುದನ್ನು ಬೆಳೆಸಬಹುದು? ನನ್ನ ಮೊದಲ ಆಯ್ಕೆ ಕಾಳುಮೆಣಸು. ಪಶ್ಚಿಮಘಟ್ಟದ ನೆರಳಿನಲ್ಲೇ ಹುಟ್ಟಿದ ಬಳ್ಳಿ, ಎಲೆಯ ಚೆಲುವಿನಲ್ಲಿ ಮನಿಪ್ಲಾಂಟಿಗೆ ಯಾವ ವಿಧದಲ್ಲೂ ಕಡಿಮೆಯಿಲ್ಲ. ಬುಡದಿಂದ ನೆಲದ ಮೇಲೆ ಹರಿಯುವ ಹಂಬನ್ನು ನೆಟ್ಟು ತೆಂಗಿನ ನಾರು ಸುತ್ತಿದ ಕೋಲಿಗೆ ಹಬ್ಬಿಸಿದರೆ ಅದು ಬಳ್ಳಿಯಾಗಿ ಏರುತ್ತದೆ. ಅದರ ಬದಲು ಕಾಯಿ ಬಿಡುವ ಅಡ್ಡರೆಂಬೆಯ ಕಡ್ಡಿಯನ್ನು ಬೇರು ಬರಿಸಿದರೆ ಬಳ್ಳಿಯಾಗದೆ ಕುಂಡದಲ್ಲೇ ಪೊದೆಯಾಗಿ ನಿಲ್ಲುತ್ತದೆ, ಅದೇ ಪೊದೆಮೆಣಸು. ಬೆಳಕುಳ್ಳ ಬಾಲ್ಕನಿಯಿದ್ದರೆ ಸಾರಿಗೆ ಬೇಕಾದಷ್ಟು ಕಾಳೂ ಸಿಕ್ಕೀತು. ಎರಡನೆಯದು ಚಕ್ರಮುನಿ. ಕಡ್ಡಿ ಚುಚ್ಚಿದರೆ ಬರುತ್ತದೆ, ಚಿಗುರು ಪಲ್ಯಕ್ಕಾಗುತ್ತದೆ. ಬೇಯಿಸಿ, ಮಿತವಾಗಿ ತಿನ್ನಿ; 1994-95ರ ಸುಮಾರಿಗೆ ತೈವಾನಿನಲ್ಲಿ ಮೈ ಇಳಿಸುವ ಆಸೆಯಿಂದ ಇದರ ಹಸಿ ರಸವನ್ನು ವಾರಗಟ್ಟಲೆ ಕುಡಿದ ಅನೇಕರಿಗೆ ಶ್ವಾಸಕೋಶವೇ ಕೆಟ್ಟಿತ್ತು. ಕಾಡು ಕರಿಬೇವು ಕಿಟಕಿಯ ಪಕ್ಕ ಚೆನ್ನಾಗಿ ಬಾಳುತ್ತದೆ, ನಿಧಾನವಾಗಿ ಬೆಳೆಯುವುದರಿಂದ ಕತ್ತರಿಸಿ ರೂಪ ಕೊಡಬಹುದು. ಸ್ನೇಕ್ ಪ್ಲಾಂಟೇ ಬೇಕೆನ್ನುವವರಿಗೆ ಅದರ ನಮ್ಮದೇ ತಮ್ಮನಿದ್ದಾನೆ, ಮಂಜಿನ ನಾರು. ಒಣ ಸೀಮೆಯ ಪೊದೆಗಳ ಬುಡದಲ್ಲಿ ಬೆಳೆಯುತ್ತದೆ, ಹಿಂದೆ ಅದರ ನಾರಿನಿಂದ ಬಿಲ್ಲಿನ ಹೆದೆ ಹೊಸೆಯುತ್ತಿದ್ದರಂತೆ. ಮಾನ್‌ಸ್ಟೆರಾ ಗಿಡಕ್ಕೆ ಸಾವಿರಗಟ್ಟಲೆ ಕೊಡುವವರು ತಮ್ಮ ಊರಿನ ಮಾವಿನ ಕಾಂಡವನ್ನೊಮ್ಮೆ ತಲೆಯೆತ್ತಿ ನೋಡಲಿ: ಎಲೆಯಲ್ಲಿ ತೂತುಗಳಿರುವ ದೊಡ್ಡ ಬಳ್ಳಿ ಹಬ್ಬಿದ್ದರೆ ಅದು ರಾಫಿಡೋಫೋರಾ ಪರ್ಟೂಸಾ ಇರಬಹುದು, ದಕ್ಷಿಣ ಭಾರತ ಮತ್ತು ಶ್ರೀಲಂಕೆಗಳದು. ಒಂದು ಗಿಣ್ಣಿನ ತುಂಡು ಸಾಕು. ಇದರ, ಮನಿಪ್ಲಾಂಟಿನ, ಡೀಫನ್‌ಬೇಕಿಯಾದ ಎಲೆಗಳನ್ನು ಅಗಿದರೆ ಬಾಯಿ ಊದುತ್ತದೆ; ಅಂಬೆಗಾಲಿಡುವ ಮಕ್ಕಳಿರುವ ಮನೆಯಲ್ಲಿ ಎತ್ತರದಲ್ಲಿಡಿ.

ಕೇಪಳವನ್ನು ಒಳಗೆ ತರಬೇಡಿ. ಬದುಕೀತು, ಆದರೆ ಬಿಸಿಲಿಲ್ಲದೆ ಹೂಬಿಡದು. ಬೆಳ್ಳಟ್ಟೆ ಹರಡಿಕೊಳ್ಳುವ ಸ್ವಭಾವದ್ದು, ಅದಕ್ಕೆ ಬೇಲಿಯೇ ಸರಿ. ಗುರಿಗೆಗೆ ಕಾನೇ ಸರಿ. ಪ್ರೀತಿಸಿದ್ದನ್ನೆಲ್ಲ ಮನೆಗೆ ತರಲೇಬೇಕೆಂದಿಲ್ಲ. ತುಳಸಿಯನ್ನು ಹಜಾರದ ಮೂಲೆಯಲ್ಲಿಟ್ಟು ಕೊರಗಿಸುವವರನ್ನು ಕಂಡಾಗಲೂ ನನಗೆ ಇದೇ ಮಾತು ಬರುತ್ತದೆ.

ಮಣ್ಣಿನ ವಿಷಯದಲ್ಲಿ ಹೆಚ್ಚು ಹೇಳಲಿಕ್ಕಿಲ್ಲ. ಕೆಂಪುಮಣ್ಣು, ಕೊಳೆತ ದರಕು, ಮರಳು ಸಮಸಮ; ಕುಂಡದ ಅಡಿಯಲ್ಲಿ ತೂತು. ಬೆರಳನ್ನು ಎರಡು ಗೆಣ್ಣಿನಷ್ಟು ಮಣ್ಣಿಗೆ ಇಳಿಸಿ ನೋಡಿ, ಒಣಗಿದ್ದರೆ ಮಾತ್ರ ನೀರು. ಮಂಜಿನ ನಾರಿಗೆ ಅದರಲ್ಲೂ ಕಡಿಮೆ. ಮನೆಯೊಳಗಿನ ಗಿಡಗಳಲ್ಲಿ ನೀರಿಲ್ಲದೆ ಸತ್ತವು ಕಡಿಮೆ, ನೀರು ಹೆಚ್ಚಾಗಿ ಕೊಳೆತವೇ ಹೆಚ್ಚು. ಏಸಿಯ ಗಾಳಿ ನೇರವಾಗಿ ತಾಗದಿರಲಿ. ಕುಂಡಕ್ಕೊಂದು ಚೀಟಿ ಸಿಕ್ಕಿಸಿ, ಕನ್ನಡದಲ್ಲಿ ಗಿಡದ ಹೆಸರನ್ನೂ ಯಾರ ಹಿತ್ತಿಲಿನಿಂದ ಯಾವ ವರ್ಷ ತಂದದ್ದೆಂಬುದನ್ನೂ ಬರೆಯಿರಿ. ಮಕ್ಕಳ ಕೈಯಿಂದಲೇ ಬರೆಸಿದರೆ ಇನ್ನೂ ಒಳ್ಳೆಯದು.

ಕಡ್ಡಿ ನೆಡಲು ಜೂನ್‌ನಿಂದ ಆಗಸ್ಟ್ ತನಕ ಸರಿಯಾದ ಕಾಲ. ನಾಗರಪಂಚಮಿಗೆ ಊರಿಗೆ ಬರುವವರು ಒಂದು ಸಂಜೆ ಬಿಡುವು ಮಾಡಿಕೊಂಡರೆ ನಮ್ಮ ಮನೆಯ ಹಿಂದಿನ ಬೇಲಿಯಲ್ಲೇ ಪಾವಟೆ, ಕಾಡು ಕರಿಬೇವು, ಬೆಳ್ಳಟ್ಟೆ ಮೂರನ್ನೂ ಗಿಣ್ಣು ಮುಟ್ಟಿಸಿ ತೋರಿಸುತ್ತೇನೆ. ಚಕ್ರಮುನಿಯ ಕಡ್ಡಿ, ಮೆಣಸಿನ ಹಂಬು ಬೇಕಾದಷ್ಟಿದೆ. ಒದ್ದೆ ಬಟ್ಟೆಯ ತುಂಡೊಂದನ್ನು ನೀವೇ ತನ್ನಿ. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಒಯ್ದರೆ ಬೆಂಗಳೂರು ಮುಟ್ಟುವಷ್ಟರಲ್ಲಿ ಬೆಂದುಹೋಗುತ್ತವೆ.